ಪಕ್ಕದ ಕಿಟಕಿಯ ಸಾಲು

ಗುಂಡ್ಲುಪೇಟೆಯಲ್ಲಿ ನಾನು ಸರ್ವೀಸಿನ ಕೊನೆಯ ವರ್ಷಗಳನ್ನು ಕಳೆದ ಆಸ್ಪತ್ರೆಯಲ್ಲಿ ಔಷಧಿ ಕೊಡಲು ಎರಡು ಕಿಟಕಿಗಳಿದ್ದವು. ಎರಡಕ್ಕೂ ಒಂದೇ ಅಳತೆಯ ಕಂಬಿ, ಒಂದೇ ಬಣ್ಣ. ಒಳಗೆ ಒಂದೇ ಕೋಣೆ, ಒಂದೇ ಬೀರುವಿನ ಮಾತ್ರೆಗಳು. ಒಂದರ ಹಿಂದೆ ನಾನು ಕೂರುತ್ತಿದ್ದೆ, ಇನ್ನೊಂದರ ಹಿಂದೆ ಷಮೀಮ್. ಹೊರಗೆ ಅವಳ ಕಿಟಕಿಯ ಮುಂದಿನ ಸಾಲು ಮೆಟ್ಟಿಲಿಳಿದು ಬೇವಿನ ಮರದವರೆಗೆ ಹೋಗಿರುತ್ತಿತ್ತು. ನನ್ನ ಕಿಟಕಿಯ ಮುಂದೆ ಇಬ್ಬರೋ ಮೂವರೋ. ಅವರೂ ಬಸ್ಸಿಗೆ ಹೊತ್ತಾದವರು.

ಫಾರ್ಮಸಿ ಓದಿ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಏನಾದರೂ ಬರೆದುಕೊಡಿ ಎಂದು ಕೇಳಿದವರು, ನಾನು ಔಷಧಿಯ ವಿಷಯ ಬರೆಯುತ್ತೇನೆ ಎಂದುಕೊಂಡಿದ್ದರು. ಬರೆಯುತ್ತೇನೆ. ಬೇದಿಗೆ ಕೊಡುವ ಒಂದು ಔಷಧಿಯ ವಿಷಯವನ್ನೇ ಬರೆಯುತ್ತೇನೆ. ಆದರೆ ಆ ಸಾಲನ್ನು ಬಿಟ್ಟು ಬರೆದರೆ ಅರ್ಧ ಸುಳ್ಳಾಗುತ್ತದೆ. ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಷಮೀಮ್ ಮತ್ತು ನಾನು ಮೈಸೂರಿನಲ್ಲಿ ಒಂದೇ ತರಗತಿಯಲ್ಲಿ ಡಿಪ್ಲೊಮಾ ಓದಿದವರು. ಅಂಕ ನನಗೇ ಹೆಚ್ಚು. ನಾನು ಹರವೆಯ ಒಕ್ಕಲು ಮನೆಯವಳು. ಅವಳು ಗುಂಡ್ಲುಪೇಟೆ ಪೇಟೆಬೀದಿಯವಳು, ಮನೆಯಲ್ಲಿ ಉರ್ದು. ಅವಳ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಸುತ್ತಲ ಹಳ್ಳಿಗಳ ಹೆಂಗಸರು ತಂಬಿಗೆ, ಪಾತ್ರೆ ಹೊತ್ತು ತಂದು, ಕಲಾಯಿ ಆಗುವವರೆಗೆ ಅಂಗಡಿಯ ಮುಂದೆ ಕೂತು ಲೋಕದ ಮಾತೆಲ್ಲ ಆಡುತ್ತಿದ್ದರಂತೆ. ತಿದಿ ಒತ್ತುತ್ತಾ ಕೂತ ಇವಳು ಅದನ್ನೆಲ್ಲ ಕೇಳಿ ಕಲಿತಳು. ನಾನು ಹಾಸ್ಟೆಲಿನಲ್ಲಿ ಯಾರೋ ನಕ್ಕರೆಂದು ‘ಓಗು’ ಬಿಟ್ಟು ‘ಹೋಗು’ ಕಲಿತೆ, ‘ಯೋಳು’ ಬಿಟ್ಟು ‘ಹೇಳು’ ಕಲಿತೆ. ಕಷ್ಟಪಟ್ಟು ಕಲಿತೆ. ನಾನು ಬಿಟ್ಟುಬಂದ ನಮ್ಮೂರ ಮಾತನ್ನೇ ಅವಳು ಕಿಟಕಿಯಲ್ಲಿ ಕೂತು ಆಡುತ್ತಿದ್ದಳು. ನಮ್ಮೂರಿನವರು ನನ್ನ ಕಿಟಕಿ ದಾಟಿ ಅವಳ ಸಾಲಿಗೆ ಹೋಗಿ ನಿಲ್ಲುತ್ತಿದ್ದರು.

“ಏನವ್ವಾ, ಒಟ್ಟೆ ಈಗ ಎಂಗದ? ಇನ್ನೂ ಗುಡುಗ್ತಾ ಕೂತದಾ?”

“ಈಗ ವಾಸಿ ಕಣಕ್ಕಾ, ಬರೀ ತುಂತುರು.”

ಸಾಲು ಪೂರ್ತಿ ನಗುತ್ತಿತ್ತು. ಹೀಗೆ ಮಾತಾಡಿದರೆ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಗಡಿಯಾರ ನೋಡುತ್ತಿದ್ದೆ. ಸಂಜೆ ಅವಳ ಚೀಲದಲ್ಲಿ ಅವರೆಕಾಯಿ ಇರುತ್ತಿತ್ತು, ಹಸಿ ಅರಿಶಿನದ ಕೊಂಬು ಇರುತ್ತಿತ್ತು, ಒಮ್ಮೊಮ್ಮೆ ಚೆಂಡುಹೂವು. ನನಗೂ ಪಾಲು ಕೊಡುತ್ತಿದ್ದಳು. ಬೇರೆಯವರು ಅವಳಿಗೆ ಕೊಟ್ಟ ಅವರೆಕಾಯಿಯ ಸಾರು ರುಚಿಯಾಗಿಯೇ ಇರುತ್ತಿತ್ತು. ಅದೂ ಒಂದು ಸಂಕಟ.

ಅವಳಿಗೆ ಒಂದು ಅಭ್ಯಾಸವಿತ್ತು. ಹೊಸಬರು ಯಾರೇ ಬಂದರೂ ಔಷಧಿ ಕೈಗೆ ಕೊಡುವ ಮುಂಚೆ, “ನಿಮ್ಮನೇಲಿ ಯಾರ್ ಮಾತು ನಡೀತದವ್ವಾ?” ಎಂದು ಕೇಳುವುದು. ಅತ್ತೆಯದೋ, ಗಂಡನದೋ, ಮೈದುನನದೋ ಎಂದು ಅವರು ಹೇಳಿದರೆ, ಆ ಮನುಷ್ಯ ಬೇವಿನ ಮರದ ಕೆಳಗಿದ್ದರೆ ಅಲ್ಲಿಂದಲೇ ಕೂಗಿ ಕರೆಸುವಳು. ಊರಲ್ಲಿದ್ದರೆ ಫೋನ್ ಮಾಡಿಸುವಳು. ಹೇಳುವುದನ್ನು ಅವರಿಗೆ ಹೇಳುವಳು. ನನಗೆ ಇದು ಹರಟೆಯಾಗಿ ಕಾಣುತ್ತಿತ್ತು. ಔಷಧಿ ಯಾರ ಕೈಗೆ ಕೊಡುತ್ತೇವೋ ಅವರಿಗೆ ಸ್ಪಷ್ಟವಾಗಿ, ಒಂದೂ ಬಿಡದಂತೆ ಹೇಳಬೇಕು ಎಂದು ನಮಗೆ ಕಲಿಸಿದ್ದರು. ನಾನು ಹಾಗೆ ಮಾಡುತ್ತಿದ್ದೆ.

ತೆರಕಣಾಂಬಿಯ ಕಡೆಯ ಸಿದ್ದರಾಜು ಎಂಬವನದು ಒಂದು ಪ್ರಸಂಗ. ರಕ್ತ, ಆಮ ಬೀಳುವ ಬೇದಿ. ಪರೀಕ್ಷೆಯಲ್ಲಿ ಅಮೀಬಾ ಕಂಡು ಡಾಕ್ಟರು ಮೆಟ್ರೊನಿಡಜೋಲ್ ಬರೆದಿದ್ದರು. ಹೊಟ್ಟೆಯ ಪರೋಪಜೀವಿಗಳಿಗೆ ಕೊಡುವ ಹಳೆಯ ಮಾತ್ರೆ ಅದು. ಬಾಯಲ್ಲಿ ತಾಮ್ರದ ಚೂರು ಇಟ್ಟುಕೊಂಡಂಥ ರುಚಿ ಬರುತ್ತದೆ. ಮಾತ್ರೆ ನಡೆಯುತ್ತಿರುವಾಗಲೂ, ಮುಗಿದ ಮೇಲೆ ಎರಡು ಮೂರು ದಿನವೂ ಹೆಂಡ ಮುಟ್ಟಬಾರದು. ನಾನು ಎರಡು ಸಲ ಹೇಳಿದೆ. ಅವನು ಎರಡು ಸಲವೂ ತಲೆಯಾಡಿಸಿದ. ಆಮೇಲೆ ಒಂದು ಬೆಳಿಗ್ಗೆ ಅವನ ಹೆಂಡತಿ, ಅಣ್ಣ ಇಬ್ಬರೂ ಅವನನ್ನು ಹಿಡಿದುಕೊಂಡು ಬಂದರು. ಮುಖ ಕೆಂಡದಂತಿತ್ತು. ರಾತ್ರಿಯಿಂದ ವಾಂತಿ, ಎದೆ ಡವಡವ. ಡಾಕ್ಟರು ನೋಡಿ, ಮಲಗಿಸಿ, ಸುಧಾರಿಸಿದ ಮೇಲೆ ಅವನು ನೇರ ನನ್ನ ಕಿಟಕಿಗೆ ಬಂದ.

“ಏನ್ ಮೇಡಂ, ಮಾತ್ರೆ ಕೊಟ್ರೋ ಇಸ ಕೊಟ್ರೋ?”

ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಪಕ್ಕದ ಕಿಟಕಿಯಿಂದ ಷಮೀಮ್ ಇಣುಕಿದಳು. “ಅಣ್ಣಾ, ಬೀಗ್ರೂಟಕ್ಕ ಓಗಿದ್ಯಾ?”

ಅವನು ತಲೆ ಕೆರೆದುಕೊಂಡ. ಹೆಂಡತಿ ಬಾಯಿಗೆ ಸೆರಗು ಹಿಡಿದು, “ಓಗಿದ್ರು ಕಣಕ್ಕಾ. ಮಾತ್ರೆಯ ಸಾರ್‌ಗ ಮುಂಚೆ ನುಂಗ್ಬುಟ್ಟು, ಎಂಡವ ಆಮೇಕ ಇಳುಸಿದ್ರು. ಅಡ್ಡ ಬರಲ್ಲ ಅಂತ” ಎಂದಳು. ಸಾಲಿನವರೆಲ್ಲ ನಕ್ಕರು, ಅವನೂ ನಕ್ಕ. ಮುಂದಿನ ಸಲದಿಂದ ಅವನು ನಿಂತದ್ದು ಅವಳ ಸಾಲಿನಲ್ಲಿ. ಎರಡು ಸಲ ಎಚ್ಚರಿಸಿದವಳು ನಾನು.

ಹೊಸಬರು ತಿಳಿಯಬೇಕಾದ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಬೇದಿ ಎಂದು ಬಂದವರಿಗೆಲ್ಲ ಮಾತ್ರೆ ಕೊಟ್ಟು ಕಳಿಸುವುದು ರೂಢಿ. ಜನರೂ ‘ಕಟ್ಟೋ ಮಾತ್ರೆ ಕೊಡಿ’ ಎಂದೇ ಕೇಳುತ್ತಿದ್ದರು. ಹೋಗುತ್ತಾ ಹೋಗುತ್ತಾ ರೀತಿ ಬದಲಾಯಿತು. ಬೇದಿಯಲ್ಲಿ ಮನುಷ್ಯನನ್ನು ಕೊಲ್ಲುವುದು ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಆದ್ದರಿಂದ ಮೊದಲು ಓ.ಆರ್.ಎಸ್., ಮಕ್ಕಳಿಗೆ ಜೊತೆಗೆ ಝಿಂಕ್. ಹೆಚ್ಚಿನ ಬೇದಿಗಳು ಬೇರೆ ಔಷಧಿಯಿಲ್ಲದೆ ಅಷ್ಟರಲ್ಲೇ ನಿಲ್ಲುತ್ತವೆ. ಪರೋಪಜೀವಿಯ ಔಷಧಿ ಆಮೇಲಿನದು. ಬೇದಿ ವಾರಗಟ್ಟಲೆ ನಿಲ್ಲದಿದ್ದರೆ, ಪರೀಕ್ಷೆಯಲ್ಲಿ ಪರೋಪಜೀವಿ ಕಂಡರೆ, ಡಾಕ್ಟರು ವಯಸ್ಸು, ತೂಕ ನೋಡಿ ಬರೆದರೆ ಮಾತ್ರ. ಪಕ್ಕದ ಮನೆಯವರಿಗೆ ವಾಸಿಯಾಯಿತೆಂದು ಉಳಿದ ಸೀಸೆಯನ್ನು ಎತ್ತಿಕೊಂಡು ಬಂದು ಕುಡಿಸುವುದಲ್ಲ.

ಇದನ್ನು ನಾನು ಕಿಟಕಿಯಲ್ಲಿ ಕೂತು ಸಾವಿರ ಸಲ ಹೇಳಿದ್ದೇನೆ. ಷಮೀಮ್‌ಗೆ ಪ್ರಮಾಣಗಳು ನೆನಪಿರುತ್ತಿರಲಿಲ್ಲ. “ಏ ಸರೋಜಾ, ಇದು ಊಟಕ್ಕೆ ಮುಂಚೆಯಾ, ಆಮೇಲಾ?” ಎಂದು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ನನ್ನನ್ನು ಕೇಳುವಳು. ನಾನು ಹೇಳುವೆ. ಅವಳು ಕಿಟಕಿಗೆ ತಿರುಗಿ ಅದನ್ನೇ ತನ್ನ ಮಾತಿನಲ್ಲಿ ಹೇಳುವಳು. ಸಾಲಿನಲ್ಲಿದ್ದ ಅಜ್ಜಿ ಅವಳಿಗೆ ಕೈಮುಗಿದು ಹೋಗುವಳು.

ಒಬ್ಬ ಆಡಳಿತ ವೈದ್ಯಾಧಿಕಾರಿ ಬಂದಿದ್ದರು. ಒಳ್ಳೆಯವರೇ. ಜಗಲಿಯಲ್ಲಿ ನಿಂತು ಎರಡು ಸಾಲನ್ನೂ ನೋಡಿ ಒಳಗೆ ಬಂದರು. “ಸರೋಜಮ್ಮ, ನಿಮ್ಮ ಕೈ ಅಚ್ಚುಕಟ್ಟು. ಸ್ಟಾಕ್ ರೂಮು ನೀವು ನೋಡಿಕೊಳ್ಳಿ, ಕಿಟಕಿಗೆ ಷಮೀಮ್ ಇರಲಿ” ಎಂದರು. ಹೊಗಳಿದಂತೆಯೇ ಇತ್ತು. ಷಮೀಮ್ ತಕ್ಷಣ, “ಸಾರ್, ಅವಳು ಪಕ್ಕದಲ್ಲಿ ಇಲ್ಲದಿದ್ದರೆ ನಾನು ಯಾರನ್ನಾದರೂ ಸಾಯಿಸಿಬಿಡ್ತೀನಿ” ಎಂದು ನಕ್ಕಳು. ಅವರೂ ನಕ್ಕು ಹೋದರು, ನನ್ನ ಕಿಟಕಿ ಉಳಿಯಿತು. ಅವಳ ದಯೆಯಿಂದ ಉಳಿಯಿತು ಎಂಬುದು ನನಗೆ ಬಹಳ ದಿನ ಚುಚ್ಚಿತು.

ಇನ್ನು ಹರವೆಯ ವಿಷಯ. ಇದನ್ನು ನಿಧಾನವಾಗಿ ಬರೆಯುತ್ತೇನೆ.

ಹರವೆಯಲ್ಲಿ ನನ್ನ ತಮ್ಮ ನಂಜುಂಡನ ಮನೆ. ಅವನ ಹೆಂಡತಿ ಜಯಮ್ಮ. ಮಗ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಾನೆ. ಸೊಸೆ ರೂಪ ಪುಣಜನೂರಿನವಳು. ಅವರ ಕೂಸು ಲಕ್ಷಿತಳಿಗೆ ಆಗ ಎರಡೂವರೆ ವರ್ಷ. ರೂಪ ಕೂಸನ್ನು ಎತ್ತಿಕೊಂಡು ನಮ್ಮ ಆಸ್ಪತ್ರೆಗೆ ಬಂದಳು. ಎರಡು ವಾರ ದಾಟಿದರೂ ನಿಲ್ಲದ ಬೇದಿ. ನೊರೆನೊರೆ, ಕೆಟ್ಟ ವಾಸನೆ, ರಕ್ತವಿಲ್ಲ, ಜ್ವರವಿಲ್ಲ. ಹೊಟ್ಟೆ ಉಬ್ಬಿಕೊಂಡಿತ್ತು. ಮಕ್ಕಳ ಡಾಕ್ಟರು ಮಲ ಪರೀಕ್ಷೆ ಮಾಡಿಸಿದರು. ಜಿಯಾರ್ಡಿಯಾ ಎಂಬ ಪರೋಪಜೀವಿ ಕಂಡಿತು. ಕೊಳೆ ಸೇರಿದ ನೀರಿನಿಂದ ಬರುವಂಥದ್ದು. ಓ.ಆರ್.ಎಸ್., ಝಿಂಕ್ ಜೊತೆಗೆ ನಿಟಾಜೊಕ್ಸನೈಡ್ ಎಂಬ ಔಷಧಿ ಬರೆದರು. ಅದು ನಮ್ಮಲ್ಲಿರಲಿಲ್ಲ, ಹೊರಗಿನ ಮೆಡಿಕಲ್ ಸ್ಟೋರಿನಿಂದ ತರಿಸಿದೆ. ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ. ಕಾಯಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ನಾನೇ ಕಲಕಿದೆ.

ರೂಪಳಿಗೆ ನಾನು ಹೇಳಿದ್ದು ಇಷ್ಟು. ಪ್ರತಿಸಲ ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಬೇಕು. ಬೆಳಿಗ್ಗೆ, ಸಂಜೆ, ಊಟ ಮಾಡಿಸುತ್ತಲೇ ಕೊಡಬೇಕು, ಖಾಲಿ ಹೊಟ್ಟೆಗಲ್ಲ. ಅಳೆಯುವುದು ಸೀಸೆಯ ಮುಚ್ಚಳದಲ್ಲೇ, ಮನೆಯ ಚಮಚದಲ್ಲಲ್ಲ. ಮೂರು ದಿನ ಪೂರ್ತಿ, ಮಧ್ಯೆ ವಾಸಿಯಾದಂತೆ ಕಂಡರೂ ನಿಲ್ಲಿಸಬಾರದು. ಪ್ರತಿ ಬೇದಿಯಾದ ಮೇಲೂ ಓ.ಆರ್.ಎಸ್. ಕುಡಿಸಬೇಕು. ಕೊನೆಯದಾಗಿ, “ಈ ಔಷಧಿಗೆ ಉಚ್ಚೆ ಹಳದಿ ಹಸಿರು ಬಣ್ಣಕ್ಕೆ ತಿರುಗಬಹುದು. ಹೆದರಬೇಡ. ಔಷಧಿ ಮುಗಿದರೆ ಬಣ್ಣವೂ ಹೋಗುತ್ತದೆ. ಕಣ್ಣಿನ ಬಿಳಿ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕೂಸು ಮಂಕಾದರೆ ಮಾತ್ರ ತಕ್ಷಣ ಕರಕೊಂಡು ಬಾ.” ರೂಪ ಎಲ್ಲವನ್ನೂ ತಿರುಗಿ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ.

ಅಷ್ಟರಲ್ಲಿ ಷಮೀಮ್ ಕುರ್ಚಿ ವಾಲಿಸಿದಳು. “ರೂಪಾ, ನಿಮ್ಮನೇಲಿ ಯಾರ್ ಮಾತು ನಡೀತದವ್ವಾ?”

“ಅದು ನನ್ನ ತಮ್ಮನ ಮನೆ, ಷಮೀಮ್” ಎಂದೆ ನಾನು. “ನನ್ನ ಮಾತು ನಡೆಯುತ್ತೆ.”

ಅವಳು ತನ್ನ ಸಾಲಿಗೆ ತಿರುಗಿದಳು.

ಭಾನುವಾರ ಮಧ್ಯಾಹ್ನ ರೂಪ ಫೋನ್ ಮಾಡಿದಳು. ಹಿತ್ತಲಿನಿಂದ ಮಾಡುತ್ತಿದ್ದಾಳೆಂದು ಧ್ವನಿಯಲ್ಲೇ ತಿಳಿಯಿತು. “ಅತ್ತಮ್ಮಾ, ಕೂಸ್ಗ ಕಾಮಾಲೆ ಅಂತ ನಾಟಿ ಮದ್ದು ಕೊಟ್ಟು ಪಥ್ಯ ಹಿಡುಸವ್ರ. ಔಷ್ದಿ ನಿಲ್ಸಿಬುಟ್ರು. ಬೇದಿ ಮದ್ಲಿಗಿಂತ ಜಾಸ್ತಿ ಆಗದ. ನಾ ಯೋಳುದ್ರ ಯಾರೂ ಕೇಳ್ತಾ ಇಲ್ಲ.”

ಕಾಮಾಲೆ ಪಥ್ಯವೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಣ್ಣೆಯಿಲ್ಲ, ಖಾರವಿಲ್ಲ, ಎಲ್ಲಕ್ಕಿಂತ ಮೊದಲು ಉಪ್ಪಿಲ್ಲ. ಸಪ್ಪೆ ಗಂಜಿ, ಬರೀ ನೀರು. ಓ.ಆರ್.ಎಸ್.ನಲ್ಲಿ ಉಪ್ಪಿದೆ ಎಂದು ಪ್ರತಿ ಮನೆಗೂ ಹೇಳಿ ಹೇಳಿ ಕಲಿಸಿದವರು ನಾವೇ. ಬೇದಿಯ ಕೂಸಿಗೆ ಉಪ್ಪು ಬಿಡಿಸಿದ್ದಾರೆ ಎಂಬುದು ನನ್ನ ತಲೆಗೆ ಹೋಗಲು ಒಂದು ಕ್ಷಣ ಹಿಡಿಯಿತು. ಹೋದ ಮೇಲೆ ನಿಲ್ಲಲಾಗಲಿಲ್ಲ.

ಬಸ್ಸಿಗೆ ಕಾಯುವ ಹಾಗಿರಲಿಲ್ಲ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಷಮೀಮ್‌ಗೆ ಸ್ಕೂಟರ್ ಇತ್ತು. ಸ್ಕೂಟರಿಗಾಗಿ ಅವಳನ್ನು ಕೇಳಿದೆ; ಅವಳಿಗಾಗಿ ಕೇಳಲಿಲ್ಲ. ಊಟದ ತಟ್ಟೆಯಿಂದ ಎದ್ದು ಬಂದಳು. ತೆರಕಣಾಂಬಿ ದಾಟಿ ಹರವೆ ಮುಟ್ಟಿದೆವು.

ಜಗಲಿಯ ಮೇಲೆ ಜಯಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನಾನು ಕಂಡದ್ದು ಇದು. ಕಣ್ಣುಗಳು ಒಳಗೆ ಹೋಗಿದ್ದವು. ತುಟಿ ಒಣಗಿ ಬಿಳಿಚಿತ್ತು. ಅಳುತ್ತಿತ್ತು, ಕಣ್ಣೀರಿರಲಿಲ್ಲ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಜಯಮ್ಮ ಸಪ್ಪೆ ನೀರಿನ ಲೋಟ ಹಿಡಿದರೆ ಎರಡು ಕೈಯಲ್ಲೂ ಎಳೆದುಕೊಂಡು ಕುಡಿಯುತ್ತಿತ್ತು. ಸ್ಟೀಲ್ ಲೋಟಕ್ಕೆ ಆ ಪುಟ್ಟ ಹಲ್ಲುಗಳು ತಾಗುವ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಕುಡಿಯುವಷ್ಟು ಶಕ್ತಿಯಿದೆ, ಇನ್ನೂ ಹೊತ್ತಿದೆ ಎಂದುಕೊಂಡೆ. ಬಹಳ ಹೊತ್ತಿಲ್ಲ ಎಂದೂ ಗೊತ್ತಿತ್ತು.

“ನೋಡತ್ಗೆ, ನಿಮ್ ಆಸ್ಪತ್ರೆ ಕೆಲ್ಸವ” ಎಂದಳು ಜಯಮ್ಮ. “ಬೇದಿಗ ಕೊಟ್ಟ ಮದ್ದು ಕಾಮಾಲೆ ತಂದ್ ಮಡಗ್ತು. ಉಚ್ಚೆ ಅರಿಸ್ನ ಕದ್ಡಂಗದ. ಅನ್ನದ ಅಗ್ಳು ಆಕ್ ನೋಡ್ದಿ, ಅಗ್ಳೂ ಅಳದಿ ಆಯ್ತು.”

ಉಚ್ಚೆಯಲ್ಲಿ ಅನ್ನದ ಅಗುಳು ಹಾಕಿ, ಬಣ್ಣ ಹಿಡಿದರೆ ಕಾಮಾಲೆ ಎಂದು ನೋಡುವುದು ನಮ್ಮ ಕಡೆಯ ಹಳೆಯ ಪರೀಕ್ಷೆ. ನಮ್ಮಮ್ಮನೂ ಹಾಗೇ ನೋಡುತ್ತಿದ್ದಳು. ನಾನು ವಿವರಿಸಿದೆ. ಔಷಧಿಯ ಬಣ್ಣ ಉಚ್ಚೆಯಲ್ಲಿ ಬಂದಿದೆ, ಬಣ್ಣ ಎಲ್ಲಿಂದ ಬಂದರೂ ಅನ್ನ ಹಳದಿಯಾಗುತ್ತದೆ, ಕಣ್ಣು ನೋಡು, ಬಿಳಿಯಾಗಿಯೇ ಇದೆ, ಈಗ ಕೂಸಿಗೆ ಬೇಕಾದದ್ದು ಉಪ್ಪು ಸಕ್ಕರೆ ಬೆರೆತ ನೀರು. ಸರಿಯಾಗಿಯೇ ವಿವರಿಸಿದೆ.

“ಕಣ್ಗ ನಾಳೀಕ ಬತ್ತದ” ಎಂದಳು ಜಯಮ್ಮ.

ನಂಜುಂಡ ಬಾಗಿಲಿಗೆ ಒರಗಿ ನಿಂತಿದ್ದ. “ಸುಮ್ಕಿರಕ್ಕಾ. ನೀ ಯೋಳದು ರೇಡಿಯೋದಲ್ಲಿ ಯೋಳ್ದಂಗದ. ಕೇಳಾಕ ಚೆಂದ, ಅಷ್ಟೇಯ.”

“ಹಾಗಾದರೆ ಕೂಸನ್ನು ಚಾಮರಾಜನಗರದ ಆಸ್ಪತ್ರೆಗೆ ಕರಕೊಂಡು ಹೋಗೋಣ, ಏಳು.”

“ಅಲ್ಲೋದ್ರ ಗ್ಲೂಕೋಸ್ ಆಕ್ತಾರ. ಅದ್ರಲ್ಲೂ ಉಪ್ಪಿರ್ತದ ಅಂತ ನೀನೇ ಯೋಳಿದ್ದೆ ಅಪ್ಪಾಜಿ ಉಸಾರ್ ತಪ್ಪಿ ಮಲಗ್ದಾಗ. ಪಥ್ಯ ಮುರುದ್ರ ಕಾಮಾಲೆ ತಿರುಗಿ ಏರ್ಕತದ. ಕೂಸು ಕೈ ಬುಟ್ಟೋದ್ರ ನೀ ತಂದ್ ಕೊಟ್ಟೀಯಾ?”

ನಾನು ಅವನಿಗಿಂತ ಆರು ವರ್ಷ ದೊಡ್ಡವಳು, ಅವನನ್ನು ಎತ್ತಿ ಆಡಿಸಿದವಳು.

ಷಮೀಮ್ ಜಯಮ್ಮನ ಪಕ್ಕದಲ್ಲಿ ಹೋಗಿ ಕೂತಳು. ಕೂಸಿನ ಪಾದ ಹಿಡಿದುಕೊಂಡಳು.

“ಕಾಮಾಲೆ ಮದ್ದು ಕೊಟ್ಟೋರು ಯಾರವ್ವಾ?”

“ಆಚೆ ಅಳ್ಳಿ ಮಾದಮ್ಮೋರು. ಎಷ್ಟೊಂದ್ ಜನುಕ್ಕ ವಾಸಿ ಮಾಡವ್ರ.”

“ಮಾಡ್ದೆ ಏನು, ನಮ್ಮಮ್ಮುನ್ಗೂ ಅಂಗೇ ಒಬ್ರು ಕೊಟ್ಟಿದ್ರು. ಕೂಸ್ನ ನೋಡುದ್ರಾ ಅವ್ರು?”

“ಕೂಸ್ನ ಯಾಕ ಕರ್ಕೊಂಡೋಗನ? ಇವ್ರು ಓಗಿ ಇಸ್ಕೊಂಡ್ ಬಂದ್ರು.”

ಷಮೀಮ್ ತಲೆಯೆತ್ತಿ ನಂಜುಂಡನನ್ನು ನೋಡಿದಳು. “ಅಣ್ಣಾ, ಕೂಸ್ಗ ಬೇದಿ ಆಯ್ತಾ ಅದ ಅಂತ ಯೋಳುದ್ಯಾ ಮಾದಮ್ಮೋರ್‌ಗ?”

ನಂಜುಂಡ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. “ಕಾಮಾಲೆ ಮದ್ದು ಕೊಡಿ ಅಂದಿ. ಕೊಟ್ರು.”

“ಅಂಗಾರ ಅವ್ರುನ್ನೇ ಒಂದ್ ಮಾತು ಕೇಳ್ಬುಡನ” ಎಂದು ಅವಳು ಎದ್ದಳು. ದಾರಿ ಕೇಳಿಕೊಂಡು ಸ್ಕೂಟರ್ ಹತ್ತಿ ಹೋದಳು.

ಅವಳು ಹೋದಷ್ಟು ಹೊತ್ತು ನಾನು ಏನು ಮಾಡಿದೆನೆಂದರೆ, ರೂಪಳ ಕೈಯಲ್ಲಿ ಕಾಯಿಸಿ ಆರಿಸಿದ ನೀರು ಒಂದು ಲೀಟರ್ ತರಿಸಿದೆ. ಗೂಡಿನಲ್ಲಿ ಒಡೆಯದೆ ಇದ್ದ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿ ಸುರಿದು ಕರಗಿಸಿದೆ. ಅರ್ಧ ಪೊಟ್ಟಣ, ಅರ್ಧ ಲೋಟ ಎಂದು ಅಂದಾಜಿಗೆ ಮಾಡಬಾರದು. ಚೊಂಬು ತುಂಬಿ ನನ್ನ ಮುಂದೆ ಇಟ್ಟುಕೊಂಡೆ. ಜಯಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ಆ ಕಡೆ ತಿರುಗಿ ಕೂತಳು. ನನ್ನಿಂದ ಕೂಸನ್ನು ಕಾಯುವವಳಂತೆ. ರೂಪ ನನ್ನ ಮುಖ, ಚೊಂಬು, ಅತ್ತೆಯ ಬೆನ್ನು ಮೂರನ್ನೂ ನೋಡುತ್ತಾ ನಿಂತಿದ್ದಳು. ಕೂಸು ಅಳುವುದನ್ನು ನಿಲ್ಲಿಸಿತು. ಅದು ನಿಲ್ಲಿಸಿದ್ದು ನನಗೆ ಅಳುವುದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಷಮೀಮ್ ಬರಿಗೈಯಲ್ಲಿ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಮಾದಮ್ಮ ಸೀರೆಯನ್ನು ಮಂಡಿಗೆ ಕಟ್ಟಿಕೊಂಡು, ಷಮೀಮ್‌ಳ ಸೊಂಟವನ್ನು ಎರಡು ಕೈಯಲ್ಲೂ ತಬ್ಬಿ ಕೂತಿದ್ದರು. ಇಳಿದವರೇ ನೇರ ಬಂದು ಕೂಸಿನ ಮೇಲಿದ್ದ ಸೆರಗು ಸರಿಸಿ ಮುಖ ನೋಡಿದರು. ಆಮೇಲೆ ನಂಜುಂಡನ ಕಡೆ ತಿರುಗಿದರು.

“ಯಾಕ್ಲಾ ನಂಜುಂಡ, ಬೇದಿ ಕೂಸ್ನ ಮಡೀಕ್ಕಂಡು ನನ್ನತ್ರ ಮದ್ದು ಈಸ್ಕೊಂಡ್ ಬಂದ್ಯಾ?”

“ನೀವೇ ಯೋಳುದ್ರಿ, ಉಪ್ಪು ಬುಡುಸು ಅಂತ.”

“ನೀ ಬೇದಿ ಅಂತ ಬಾಯ್ ಬುಟ್ಯಾ? ನಾಳೀಕ ಈ ಕೂಸ್ಗ ಏನಾರ ಆದ್ರ, ಮಾದಮ್ಮುನ್ ಮದ್ದು ಕೊಂದಾಕ್ತು ಅಂತ ಊರೆಲ್ಲ ಸಾರ್ಕೊಂಡ್ ಬರಾಕಾ? ಬೇದಿ ನಿಲ್ಲಗಂಟ ನನ್ ಮದ್ದೂ ಬ್ಯಾಡ, ಪಥ್ಯವೂ ಬ್ಯಾಡ. ಈ ಅಮ್ಮ ಕೊಟ್ಟುದ್ದ ಕುಡುಸ್ರಲಾ ಮದ್ಲು!”

‘ಈ ಅಮ್ಮ’ ಎಂದು ಅವರು ಕೈ ತೋರಿಸಿದ್ದು ಷಮೀಮ್‌ಳ ಕಡೆಗೆ. ಚೊಂಬು ನನ್ನ ಕೈಯಲ್ಲಿತ್ತು.

ಜಯಮ್ಮ ಕೂಸನ್ನು ಈ ಕಡೆ ತಿರುಗಿಸಿದಳು. ನಾನು ಚಮಚದಿಂದ ಕೊಡತೊಡಗಿದೆ. ಒಂದು ಚಮಚ, ಒಂದಿಷ್ಟು ಬಿಡುವು, ಮತ್ತೊಂದು. ಮೊದಲೆರಡು ಚಮಚ ಅದರ ಗಲ್ಲದ ಮೇಲೆ ಚೆಲ್ಲಿತು. ಷಮೀಮ್ ನನ್ನ ಮಣಿಕಟ್ಟನ್ನು ಕೆಳಗಿನಿಂದ ಆನಿಸಿ ಹಿಡಿದಳು. ಬೇಡವೆನ್ನಲು ಆಗಲಿಲ್ಲ.

ಪಕ್ಕದ ಮನೆಯವರ ಕಾರಿನಲ್ಲಿ, ದಾರಿಯುದ್ದಕ್ಕೂ ಕುಡಿಸುತ್ತಾ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಡಾಕ್ಟರು ಕೂಸನ್ನು ಇರಿಸಿಕೊಂಡರು. ರಕ್ತ ಪರೀಕ್ಷೆ ಮಾಡಿಸಿದರು. ಕಾಮಾಲೆಯ ಸುಳಿವೂ ಇರಲಿಲ್ಲ. ನೀರಿನಂಶ ಸರಿಹೋದ ಮೇಲೆ ನಿಂತ ಔಷಧಿಯನ್ನು ಅವರೇ ಮತ್ತೆ ಶುರುಮಾಡಿಸಿ, ಊಟದ ಜೊತೆ ಮೂರು ದಿನ ಪೂರ್ತಿ ಕೊಡಿಸಿದರು. ಬೇದಿ ನಿಂತಿತು. ಉಚ್ಚೆ ಮತ್ತೆ ಹಳದಿಯಾಯಿತು, ಔಷಧಿ ಮುಗಿದ ಮೇಲೆ ಬಣ್ಣ ಹೋಯಿತು. ನಾನು ಹೇಳಿದ್ದಂತೆಯೇ.

ಸ್ಕೂಟರಿನಲ್ಲಿ ಮಾದಮ್ಮನಿಗೆ ಏನು ಹೇಳಿದೆ ಎಂದು ಆಮೇಲೆ ಷಮೀಮ್‌ಳನ್ನು ಕೇಳಿದೆ. ನಾನು ಕಂಡದ್ದಲ್ಲ, ಅವಳು ಹೇಳಿದ್ದು. “ಏನಿಲ್ಲ. ಕೂಸು ನಿಮ್ ಮದ್ದು ಕುಡೀತಾ ಇರೋವಾಗ ಕಣ್ಮುಚ್ಚುದ್ರ ಊರು ನಿಮ್ಮನ್ನ ಏನಂದದು ಅವ್ವಾ ಅಂದೆ. ಅವರೇ ಚಪ್ಪಲಿ ಮೆಟ್ಟಿಕೊಂಡರು.”

“ಆದರೆ ಕಾಮಾಲೆ ಇರಲೇ ಇಲ್ಲ ಅಂತ ನೀನು ಅವರಿಗೆ ಹೇಳಲೇ ಇಲ್ಲ.”

“ಇದ್ರೆ ಇರಲಿ ಬುಡು ಸರೋಜಾ. ಕೂಸು ಉಳೀತಲ್ಲ.”

ಈ ಮಾತನ್ನು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ರಕ್ತ ಪರೀಕ್ಷೆಯ ಫಲಿತಾಂಶವನ್ನು ನಾನು ಓದಿ ಹೇಳಿದರೂ, ನಮ್ಮ ತಮ್ಮನ ಮನೆಯಲ್ಲಿ ಆ ಕೂಸಿಗೆ ಕಾಮಾಲೆ ಬಂದು ಹೋಯಿತೆಂದೇ ನಂಬಿಕೆ. ಆಸ್ಪತ್ರೆಯ ಔಷಧಿಯಿಂದ ಬಂದದ್ದು, ಷಮೀಮಕ್ಕನಿಂದ ಹೋದದ್ದು. ಹೊಸಬರೇ, ಬಣ್ಣದ ವಿಷಯವನ್ನು ನೀವು ಹೇಳಲೇಬೇಕು. ಔಷಧಿ ತೆಗೆದುಕೊಂಡು ಹೋಗಲು ಬಂದವರಿಗೂ ಹೇಳಿ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರಿಗೂ ಹೇಳಿ. ಯಾರದೆಂದು ಕೇಳಿ ತಿಳಿದುಕೊಳ್ಳಿ. ಹೀಗೆ ಕೇಳುವುದನ್ನು ಕಂಡುಹಿಡಿದವಳು ನಾನಲ್ಲ. ಅದನ್ನು ಬರೆಯುವಾಗಲೂ ಪೆನ್ನು ಸ್ವಲ್ಪ ಒತ್ತಿ ಹಿಡಿಯಬೇಕಾಗಿದೆ.

ನಾವಿಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಬೀಳ್ಕೊಡುಗೆಯ ದಿನ ಹಳ್ಳಿಗಳಿಂದ ಜನ ಬಂದಿದ್ದರು. ಯಾರಿಗೆಂದು ಬರೆಯಬೇಕಾಗಿಲ್ಲ. ಲಕ್ಷಿತ ಈಗ ಶಾಲೆಗೆ ಹೋಗುತ್ತಾಳೆ.

ಹೋದ ತಿಂಗಳು ಒಂದು ಬೆಳಿಗ್ಗೆ ಷಮೀಮ್ ಫೋನ್ ಮಾಡಿ ಪಿಸುಗುಟ್ಟಿದಳು. “ಏ ಸರೋಜಾ, ಹರವೆಯಿಂದ ಜಯಮ್ಮ ಲೈನಿನಲ್ಲಿದ್ದಾರೆ. ನನ್ನ ಗಂಡನ ಫೋನಿಗೆ ಬಂದಿದೆ, ಸ್ಪೀಕರ್ ಹಾಕಿದ್ದೀನಿ. ಲಕ್ಷಿತಂಗೆ ನಿನ್ನೆಯಿಂದ ಬೇದಿಯಂತೆ. ಆ ಹಳದಿ ಔಷಧಿ ತರಬೇಕಾ ಬೇಡವಾ ಅಂತ ಕೇಳ್ತಿದ್ದಾರೆ. ಮೆಲ್ಲಗೆ ಹೇಳು.”

ನನ್ನ ತಮ್ಮನ ಮನೆ. ನನ್ನ ನಂಬರು ಅವರ ಗೋಡೆಯ ಮೇಲೆ ಬರೆದಿದೆ.

ಮೆಲ್ಲಗೇ ಕೇಳಿದೆ. “ರಕ್ತ ಇದೆಯಾ? ಜ್ವರ? ವಾಂತಿ?” ಅವಳು ಆ ಫೋನಿಗೆ, “ರಕ್ತ ಏನಾರ ಬೀಳ್ತದಾ ಜಯಮ್ಮೋರೇ? ಮೈ ಬಿಸಿ ಅದಾ?” ಎಂದಳು. ಇಲ್ಲ ಕಣಕ್ಕಾ, ಇಲ್ಲ ಎಂದು ಆ ಕಡೆಯಿಂದ ಬಂತು. “ಒಂದೇ ದಿನದ ಬೇದಿಗೆ ಆ ಔಷಧಿ ಬೇಡ” ಎಂದೆ. “ಓ.ಆರ್.ಎಸ್. ಕೊಡಲಿ, ಊಟ ನಿಲ್ಲಿಸದಿರಲಿ. ಝಿಂಕ್ ಮತ್ತು ಉಳಿದದ್ದನ್ನು ಡಾಕ್ಟರಿಗೆ ತೋರಿಸಿ ಕೇಳಲಿ. ಉಚ್ಚೆ ಕಡಿಮೆಯಾದರೆ, ಮಗು ಮಂಕಾದರೆ ಕಾಯುವುದು ಬೇಡ, ಕರಕೊಂಡು ಓಡಲಿ.” ನನ್ನ ಒಂದೊಂದು ಮಾತೂ ಅವಳ ಬಾಯಲ್ಲಿ ನಮ್ಮೂರ ಮಾತಾಗಿ ಹರವೆಗೆ ಹೋಯಿತು. ಒಂದೊಂದಕ್ಕೂ ಜಯಮ್ಮ, “ಊ ಕಣಕ್ಕಾ, ಅಂಗೇ ಮಾಡ್ತೀನಿ” ಎನ್ನುತ್ತಿದ್ದಳು. ಆ ದನಿಯಲ್ಲಿ ಅವಳು ನನಗೆ ಎಂದೂ ಹೂಂಗುಟ್ಟಿಲ್ಲ.

ಕೊನೆಗೆ ಜಯಮ್ಮ ದನಿ ತಗ್ಗಿಸಿ ಹೇಳಿದ್ದೂ ನನಗೆ ಕೇಳಿಸಿತು. “ನಿಮ್ಗ ಫೋನ್ ಮಾಡ್ದಿ ಅಂತ ನಮ್ಮತ್ಗೆಗ ಯೋಳ್ಬ್ಯಾಡಿ ಕಣಕ್ಕಾ. ಬೇಜಾರ್ ಮಾಡ್ಕತಾರ.”

ನಾನು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದೆ.

“ಯೋಳಲ್ಲ ಬುಡವ್ವಾ” ಎಂದಳು ಷಮೀಮ್. ಆಮೇಲೆ ನಾನಿದ್ದ ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡು, ಮೆತ್ತಗೆ, “ಏನಾದರೂ ಬಿಟ್ಟುಹೋಯ್ತಾ?” ಎಂದು ಕೇಳಿದಳು.

“ಉಪ್ಪು ಬಿಡಿಸಬೇಡಿ ಅಂತ ಹೇಳು.”

ಅವಳು ಹೇಳಿದಳು.